ಮೊದಲು ನೆರಳು, ಆಮೇಲೆ ಮಾಳಿಗೆ

ರೋಣ, ನರಗುಂದ, ಗಜೇಂದ್ರಗಡದ ಪುರಸಭೆಗಳಲ್ಲಿ ಕೂತಿರುವ, ಮುಂದೆ ಕೂರಬೇಕೆಂದಿರುವ ತಮ್ಮಂದಿರೇ, ತಂಗಿಯರೇ, ಊರ ನಡುವಿನ ಬಯಲಿನ ಬಗ್ಗೆ ನಿಮ್ಮ ಕಿವಿಗೆ ಒಂದು ಮಾತು ಹಾಕಬೇಕಾಗಿದೆ. ಮಾತನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ ಕೊಡುತ್ತೇನೆ. ಗಾಡಿ ನಿಲ್ಲುವ ಬಯಲನ್ನು ಕಟ್ಟಡ ಮಾಡಲು ಹೊರಟಾಗ ಉದ್ಯಾನವನ್ನು ಮೊದಲು ಅಳೆಯಿರಿ, ಮೊದಲು ಬರೆಯಿರಿ, ಮೊದಲು ಕಟ್ಟಿರಿ. ಮಳಿಗೆ, ಮನೆ, ಪಾರ್ಕಿಂಗು ಅದರ ಹಿಂದೆ ಬರಲಿ. ಈ ಸರದಿ ತಪ್ಪಿದರೆ ಉದ್ಯಾನ ಬರುವುದೇ ಇಲ್ಲ. ನಕ್ಷೆಯ ಹಸಿರು ಬಣ್ಣ ನಕ್ಷೆಯಲ್ಲೇ ಒಣಗುತ್ತದೆ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದಾಗ ನಾವು ಏನು ಮಾಡುತ್ತೇವೆ? ಗಂಟು ಬಿಚ್ಚಿದ ಮೇಲೆ ಮೊದಲು ಚರಗ ಚೆಲ್ಲುತ್ತೇವೆ, ಆಮೇಲೆ ಉಣ್ಣಲು ಕೂರುತ್ತೇವೆ. ಉಂಡು ಮಿಕ್ಕಿದ್ದನ್ನು ಭೂಮಿತಾಯಿಗೆ ಎರಚುವ ರೂಢಿ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಎಲ್ಲೂ ಇಲ್ಲ. ಊರ ಜಾಗದಲ್ಲಿ ಉದ್ಯಾನದ ಪಾಲೂ ಇದೇ ಲೆಕ್ಕದ್ದು. ಏನೂ ಕೊಳ್ಳಲಾಗದವನಿಗೆ, ಎಲ್ಲೂ ಬಾಡಿಗೆ ಕಟ್ಟಲಾಗದವಳಿಗೆ ಊರು ತೆಗೆದಿಡುವ ಪಾಲು ಅದು. ಮಿಕ್ಕರೆ ಕೊಡೋಣ ಎಂದವರ ಊರಲ್ಲಿ ಎಂದೂ ಮಿಕ್ಕಿಲ್ಲ.

ಯಾವ ಜಾಗ ಎಂದು ಕೇಳಿದರೆ

ನಮ್ಮಲ್ಲಿ ಬಿಳಿ ಗೆರೆ ಹೊಡೆದು ಚೀಟಿ ಹರಿಯುವ ಪಾರ್ಕಿಂಗ್ ಜಾಗ ಎಲ್ಲಿದೆ ಎಂದು ನಗಬಹುದು. ಒಮ್ಮೆ ಬೈಕು ಬಿಟ್ಟು ಊರೊಳಗೆ ನಡೆದು ನೋಡಿ. ಬಸ್ ನಿಲ್ದಾಣದ ಮಗ್ಗುಲಿಗೆ ಟಂಟಂ ನಿಲ್ಲುವ ಅಡ್ಡೆ. ಕಚೇರಿ ಬೇರೆ ಕಡೆಗೆ ಹೋದ ಮೇಲೆ ಹಾಳು ಬಿದ್ದ ಹಳೆಯ ಆವರಣ. ವಾರಕ್ಕೊಮ್ಮೆ ಸಂತೆ ಕೂಡಿ ಉಳಿದ ದಿನ ಟ್ರ್ಯಾಕ್ಟರ್ ಟ್ರೇಲರ್‌ಗಳು ಮಲಗುವ ಬಯಲು. ಬಾಗಿಲು ಹಾಕಿದ ಜಿನ್ನಿಂಗ್ ಕಾರ್ಖಾನೆಯ ಅಂಗಳ. ಇವೆಲ್ಲ ಯಾರೂ ಹಾಗೆಂದು ಹೆಸರಿಡದ ಪಾರ್ಕಿಂಗ್ ಜಾಗಗಳೇ. ಇವುಗಳಲ್ಲಿ ಹೆಚ್ಚಿನವು ಊರಿನ ಸೊತ್ತು. ಊರು ಬೆಳೆದಂತೆ ಇವುಗಳ ಬೆಲೆ ಏರುತ್ತದೆ, ಬೆಲೆ ಏರಿದಂತೆ ಕಣ್ಣು ಹಾಕುವವರೂ ಹೆಚ್ಚುತ್ತಾರೆ.

ಹಾಗೆಂದು ಅವನ್ನು ಹಾಗೆಯೇ ಬಿಡಿ ಎಂದು ನಾನು ಹೇಳುವುದಿಲ್ಲ. ಬಿಸಿಲಿಗೆ ಸುಡುವ, ಮಳೆಗೆ ರಾಡಿಯಾಗುವ, ರಾತ್ರಿ ಬಾಟಲಿ ಒಡೆಯುವ ಬಯಲಿನಿಂದ ಯಾರಿಗೂ ಉಪಯೋಗವಿಲ್ಲ. ನಗರ ಯೋಜನೆಯವರ ರೂಢಿಯ ಲೆಕ್ಕ ಒಂದಿದೆ: ಬಯಲಿನಲ್ಲಿ ಒಂದು ಕಾರು ನಿಲ್ಲಲು, ಹೊರಳುವ ದಾರಿಯೂ ಸೇರಿ, 23 ಚದರ ಮೀಟರ್ ಬೇಕು. ನೆಲಮಾಳಿಗೆಯಲ್ಲಾದರೆ 32. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ನಗರದ ಕಡುಬಡ ಕುಟುಂಬದ ಮನೆಗೆ ಹಾಕಿಕೊಂಡ ಅಳತೆ 30 ಚದರ ಮೀಟರ್. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಒಂದು ಗಳಿಗೆ ನೋಡಿ. ನೆಲಮಾಳಿಗೆಯ ಕಾರಿಗೆ ಬಡವನ ಮನೆಗಿಂತ ಹೆಚ್ಚು ಜಾಗ! ಬಯಲಿನಲ್ಲಿ 40 ಕಾರು ನಿಲ್ಲಿಸಿದರೆ ಊರ ನಡುವಿನ ಒಂಬತ್ತು ಗುಂಟೆ ಹೋಯಿತು. ಆ ಕಾರಿನವರಲ್ಲಿ ಅರ್ಧ ಜನ ಅಂಗಡಿ ತೆರೆದಾಗ ನಿಲ್ಲಿಸಿ, ಮುಚ್ಚಿದಾಗ ಒಯ್ಯುವ ಅಂಗಡಿಕಾರರೇ ಆಗಿರುತ್ತಾರೆ. ಕೊಳ್ಳಲು ಬಂದವನು ಗಾಡಿ ನಿಲ್ಲಿಸಲು ಜಾಗ ಸಿಗದೆ ಮೂರು ಸುತ್ತು ಹಾಕುತ್ತಾನೆ.

ಅಮೆರಿಕದ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ತಮ್ಮ ಆಯುಷ್ಯದ ದೊಡ್ಡ ಪಾಲನ್ನು ಇದೊಂದೇ ವಿಷಯಕ್ಕೆ ಕೊಟ್ಟರು. ಪುಕ್ಕಟೆ ಪಾರ್ಕಿಂಗಿನ ಬೆಲೆಯ ಮೇಲೆ 2005ರಲ್ಲಿ ದಪ್ಪನೆಯ ಪುಸ್ತಕವನ್ನೇ ಬರೆದರು. ಅವರ ಮಾತಿನ ತಿರುಳು ಇಷ್ಟು: ಪುಕ್ಕಟೆ ಎಂಬುದು ಯಾರಿಗೋ ಪುಕ್ಕಟೆ, ಬೆಲೆಯನ್ನು ಇನ್ನಾರೋ ಕಟ್ಟುತ್ತಿರುತ್ತಾರೆ. ಚೀಲ ಹಿಡಿದು ನಡೆದು ಬಂದ ಮುದುಕಿಯೂ ತಾನು ಕೊಂಡ ಸಾಮಾನಿನ ದರದಲ್ಲಿ ಕಾರಿನವನ ಜಾಗಕ್ಕೆ ದುಡ್ಡು ತೆರುತ್ತಾಳೆ. ನಮ್ಮ ಊರಿಗೂ ಇದು ಅಷ್ಟೇ ನಿಜ.

ಗದಗಿನಿಂದ ಕಲಿಯುವುದು

ದೂರ ಹೋಗುವುದು ಬೇಡ, ಜಿಲ್ಲಾ ಕೇಂದ್ರಕ್ಕೆ ಹೋಗೋಣ. ಗದಗಿನ ವಕಾರ ಸಾಲು ನಿಮಗೆ ಗೊತ್ತು. ಹತ್ತಿ ವ್ಯಾಪಾರದ ಏರುಗಾಲದಲ್ಲಿ ಗದಗು ದೊಡ್ಡ ಪ್ಯಾಟಿ. ಅರಳೆ, ಅಂಡಿಗೆ ಇಡಲು ವ್ಯಾಪಾರಿಗಳಿಗೆ ಊರಿನ ನಡುವೆ ಲೀಜಿಗೆ ಕೊಟ್ಟ ನಗರಸಭೆಯ ಜಾಗ ಅದು. ಒಟ್ಟು 54 ವಕಾರಗಳು. ಕಾಲ ಹೋದಂತೆ ಹತ್ತಿ ಕರಗಿತು, ಲೀಜು ಮುಗಿಯಿತು. ಜಾಗದಲ್ಲಿ ಅಂಗಡಿ, ಹೋಟೆಲು, ಗ್ಯಾರೇಜು ಬೇರು ಬಿಟ್ಟವು. ಕೋರ್ಟು ಕಚೇರಿಯ ಅಲೆದಾಟ ಆಯಿತು. ಕೊನೆಗೆ 2019ರಲ್ಲಿ ಜಿಲ್ಲಾಡಳಿತ ಜೆಸಿಬಿ ತಂದು ತೆರವು ಮಾಡಿತು.

ತೆರವಾದ ದಿನ ಇಡೀ ಊರು ನಿಂತು ನೋಡಿತು. ಇಷ್ಟು ದೊಡ್ಡ ಬಯಲು ಊರ ಹೊಟ್ಟೆಯೊಳಗೆ ಅಡಗಿತ್ತೇ ಎಂದು ಹುಬ್ಬೇರಿಸಿದರು. ಆದರೆ ಆ ಬಯಲಿನಲ್ಲಿ ಏನು ಬರಬೇಕು ಎಂಬುದು ತೆರವಿನ ಮುಂಚೆ ಊರೆಲ್ಲ ಒಪ್ಪಿದ ಕಾಗದದ ಮೇಲೆ ಇರಲಿಲ್ಲ. ಹಾಗಾಗಿ ವರ್ಷಗಳು ಚರ್ಚೆಯಲ್ಲೇ ಹೋದವು. ವ್ಯಾಪಾರಿಗಳು ತಮ್ಮ ಪಾಲು ಕೇಳಿದರು, ನಗರಸಭೆಯೊಳಗೆ ಪಕ್ಷದ ಜಗಳ ಹತ್ತಿತು, ಲೀಜಿನ ಹೆಸರಲ್ಲಿ ನಕಲಿ ಠರಾವಿನ ಆರೋಪ ಪೊಲೀಸ್ ಠಾಣೆಯ ಮೆಟ್ಟಿಲೇರಿತು. ಆ ಜಾಗಕ್ಕಾಗಿಯೇ ವ್ಯಾಪಾರ, ಸಂಸ್ಕೃತಿ ಮತ್ತು ವಸ್ತುಪ್ರದರ್ಶನದ ಪ್ರಾಧಿಕಾರ ಒಂದನ್ನು ಕಟ್ಟಲು ಸರ್ಕಾರ ಮಸೂದೆ ತರಬೇಕಾಯಿತು.

ಸರಿ ಯಾರದು, ತಪ್ಪು ಯಾರದು ಎಂಬ ತೀರ್ಪು ನನ್ನ ಕೆಲಸವಲ್ಲ. ನೀವು ಹಿಡಿಯಬೇಕಾದ ಎಳೆ ಇಷ್ಟೇ: ಜಾಗ ಖಾಲಿಯಾಗುವ ಮೊದಲೇ ಅದರ ಪಾಲುಗಳು ತೀರ್ಮಾನವಾಗಿರಬೇಕು. ಖಾಲಿಯಾದ ಮೇಲೆ ಪಾಲು ಮಾತಾಡಲು ಕೂತರೆ ದೊಡ್ಡ ದನಿಯವನೇ ಮೊದಲು ಮಾತಾಡುತ್ತಾನೆ. ಉದ್ಯಾನಕ್ಕೆ ದನಿಯೇ ಇಲ್ಲ.

ಬೆಂಗಳೂರಿನ ಎರಡು ಪಾಠ

ಒಂದು ಪಾಠ ಕೋರ್ಟಿನದು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಯೋಜನೆಯ ನಕ್ಷೆ ಉದ್ಯಾನಕ್ಕೆಂದು ಬಿಟ್ಟ ಜಾಗವೊಂದಿತ್ತು. ಮೇಲಿನಿಂದ ಮಾತು ಬಂತೆಂದು ಆ ನಗರದ ಅಭಿವೃದ್ಧಿ ಪ್ರಾಧಿಕಾರ ಅದನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟಿತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಎಂಬ ಹೆಸರಿನ ಆ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಆಸ್ಪತ್ರೆ ಕೂಡ ಒಳ್ಳೆಯದೇ ಅಲ್ಲವೇ ಎಂಬ ವಾದ ನಿಲ್ಲಲಿಲ್ಲ. ಆ ನಿವಾಸಿಗಳು ಗೆದ್ದದ್ದು ಹೇಗೆ? ಉದ್ಯಾನ ಎಂದು ಯೋಜನೆಯ ಕಾಗದದಲ್ಲಿ ಬರೆದಿತ್ತು, ಅದಕ್ಕೆ. ಬಾಯಿಮಾತಿನ ಉದ್ಯಾನವಾಗಿದ್ದರೆ ಇವತ್ತು ಅದರ ಸುದ್ದಿಯೂ ಇರುತ್ತಿರಲಿಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ಬರೆದಿಟ್ಟ ಉದ್ಯಾನಕ್ಕೆ ಆ ಕಾಯ್ದೆ ಬೆನ್ನಿಗೆ ನಿಲ್ಲುತ್ತದೆ.

ಇನ್ನೊಂದು ಪಾಠ ಕಾಂಕ್ರೀಟಿನದು. ಶಾಂತಿನಗರ, ಜಯನಗರ, ಯಶವಂತಪುರದಂಥ ಕಡೆ ಬಿಎಂಟಿಸಿ ತನ್ನ ಬಸ್ ನಿಲ್ದಾಣದ ಜಾಗಗಳಲ್ಲಿ ಸುಮಾರು ಹದಿನೈದು ವರ್ಷದ ಹಿಂದೆ ದೊಡ್ಡ ಕಟ್ಟಡಗಳನ್ನು ಎಬ್ಬಿಸಿತು. ಬಸ್ಸು, ಪಾರ್ಕಿಂಗು, ಮಳಿಗೆ, ಕಚೇರಿ ಎಲ್ಲ ಒಂದೇ ಸೂರಿನಡಿ. ಯೋಚನೆ ಚೆನ್ನಾಗಿತ್ತು, ದಿಲ್ಲಿಯ ದುಡ್ಡೂ ಬಂತು. ಆದರೆ ಹಲವು ಕಟ್ಟಡಗಳ ಮಹಡಿಗಳು ಬಾಡಿಗೆದಾರರಿಲ್ಲದೆ ವರ್ಷಗಟ್ಟಲೆ ಖಾಲಿ ಉಳಿದವು. ಬೆಂಗಳೂರಿನಂಥ ಊರಲ್ಲೇ ಮಹಡಿ ತುಂಬಲಿಲ್ಲ ಎಂದ ಮೇಲೆ ರೋಣದಲ್ಲಿ ನಾಲ್ಕು ಅಂತಸ್ತಿನ ಕಾಂಪ್ಲೆಕ್ಸು ಎಂಬ ಪ್ರಸ್ತಾವಕ್ಕೆ ಕೈ ಎತ್ತುವ ಮುನ್ನ ಒಮ್ಮೆ ಉಸಿರು ತೆಗೆದುಕೊಳ್ಳಿ. ಮೊದಲ ಮಹಡಿಯ ಮಳಿಗೆಗೆ ಮೆಟ್ಟಿಲು ಹತ್ತುವ ಗಿರಾಕಿ ನಮ್ಮ ಊರಲ್ಲಿ ಕಡಿಮೆ. ಎರಡನೆಯ ಮಹಡಿಗೆ ಪಾರಿವಾಳವೇ ಗಿರಾಕಿ.

ಬೆರೆಸಿ ಬಾಳುವುದು ನಮಗೆ ಹೊಸದಲ್ಲ

ಹಾಗಾದರೆ ಮೇಲೆ ಏನು? ಮನೆ. ಕೆಳಗೆ ಅಂಗಡಿ, ಮೇಲೆ ಮನೆ ಎಂಬುದನ್ನು ಈಗ ಮಿಶ್ರ ಬಳಕೆಯ ಕಟ್ಟಡ ಎಂದು ಕರೆದು ಹೊಸ ಸಂಗತಿಯಂತೆ ಮಾರುತ್ತಾರೆ. ಗಜೇಂದ್ರಗಡದ ನೇಕಾರರ ಓಣಿಗೆ ಹೋಗಿ ನೋಡಿ. ಹೊರಗಿನ ಪಡಸಾಲೆಯಲ್ಲಿ ಮಗ್ಗದ ಸದ್ದು, ಒಳಗೆ ಒಲೆಯ ಹೊಗೆ. ಪಟ್ಟೇದಂಚಿನ ಸೀರೆ ನೆಯ್ದದ್ದು ಇಂಥ ಮನೆಗಳಲ್ಲಿ. ಬಾಜಾರಿನ ಸಾಲುಗಳಲ್ಲೂ ಮುಂದೆ ಕಿರಾಣಿ, ಹಿಂದೆ ಸಂಸಾರ. ಅಂಗಡಿ ಬಾಗಿಲು ಹಾಕಿದ ಮೇಲೂ ದೀಪ ಉರಿಯುವ ಬೀದಿಯಲ್ಲಿ ಹೆಣ್ಣುಮಕ್ಕಳು ಹೆದರದೆ ನಡೆಯುತ್ತಾರೆ. ಬರೀ ಮಳಿಗೆಗಳ ಬೀದಿ ರಾತ್ರಿ ಒಂಬತ್ತಕ್ಕೆ ಸಾಯುತ್ತದೆ.

ನಿಮ್ಮ ಕಟ್ಟಡಕ್ಕೆ ನನ್ನ ಸೂಚನೆ ಇದು. ನೆಲದ ಮೇಲೆ ಬೀದಿಗೆ ಮುಖ ಮಾಡಿದ ಸಣ್ಣ ಮಳಿಗೆಗಳು ಇರಲಿ. ದೊಡ್ಡ ನಾಲ್ಕಕ್ಕಿಂತ ಸಣ್ಣ ಹದಿನಾರು ಊರಿಗೆ ಹೆಚ್ಚು ಅನ್ನ ಕೊಡುತ್ತವೆ. ಮೊದಲ ಮಹಡಿಗೆ ಗ್ರಂಥಾಲಯ ಮತ್ತು ಓದುವ ಕೋಣೆ ಕೊಡಿ. ಪಿಎಸ್ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನಮ್ಮಲ್ಲಿ ಎಷ್ಟಿದ್ದಾರೆ ನೀವೇ ಎಣಿಸಿ. ಅದರ ಮೇಲೆ ಬಾಡಿಗೆ ಮನೆಗಳು, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ವಸತಿ. ಗದಗು, ಹುಬ್ಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಜೋತು ಬೀಳುವ ನರ್ಸು, ಟೀಚರು, ಬ್ಯಾಂಕಿನ ಹುಡುಗಿ ನಮ್ಮ ಊರಲ್ಲೇ ಉಳಿದರೆ ಅವರ ಪಗಾರಿನ ಒಂದು ಪಾಲು ನಮ್ಮ ಪ್ಯಾಟಿಯಲ್ಲೇ ತಿರುಗುತ್ತದೆ. ಎರಡು ಮಹಡಿಯ ಮೇಲೆ ಏರಬೇಡಿ. ಏರಿದರೆ ಲಿಫ್ಟು ಬೇಕು. ಲಿಫ್ಟು ಕೆಟ್ಟ ದಿನ ರಿಪೇರಿ ಮಾಡುವವನು ಹುಬ್ಬಳ್ಳಿಯಿಂದ ಬರಬೇಕು.

ಹಳೆಯ ಜಾಗದಲ್ಲಿ ಈಗಾಗಲೇ ಕೂತು ಬದುಕುವ ತರಕಾರಿಯವಳು, ಚಹಾದವನು, ಚಪ್ಪಲಿ ಹೊಲಿಯುವವನು ಇದ್ದಾರೆ. ಅವರನ್ನು ಕಸದಂತೆ ಗುಡಿಸಬೇಡಿ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಸದಸ್ಯರು ಆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿರಬೇಕು. ಸಮೀಕ್ಷೆ ಮುಗಿಯುವ ತನಕ ಎಬ್ಬಿಸುವಂತಿಲ್ಲ. ಸಮಿತಿಯನ್ನು ಕಾಗದದ ಮೇಲೆ ಮುಗಿಸದೆ ನಿಜವಾಗಿ ಕೂಡಿಸಿ. ಉದ್ಯಾನದ ಅಂಚಿಗೆ ಅವರಿಗೊಂದು ಸೂರಿನ ಸಾಲು ಕೊಟ್ಟರೆ ಅವರೇ ಉದ್ಯಾನದ ಕಾವಲು.

ಮೂರು ಊರು, ಮೂರು ನೆಲ

ಗುತ್ತಿಗೆದಾರ ಒಂದೇ ನಕ್ಷೆಯನ್ನು ಮೂರೂ ಊರಿಗೆ ತರುತ್ತಾನೆ. ನೆಲ ಮಾತ್ರ ಮೂರೂ ಕಡೆ ಬೇರೆ.

ನರಗುಂದದಲ್ಲಿ ನೆಲಮಾಳಿಗೆ ಪಾರ್ಕಿಂಗಿನ ಮಾತು ಬಂದರೆ ಕಿವಿ ಮುಚ್ಚಿಕೊಳ್ಳಿ. ಈಚಿನ ವರ್ಷಗಳಲ್ಲಿ ಅಲ್ಲಿನ ಹಳೇ ಓಣಿಗಳಲ್ಲಿ ನೆಲ ದಿಢೀರನೆ ಕುಸಿದು ಮನೆಯೊಳಗೇ ಗುಂಡಿ ಬಿದ್ದದ್ದನ್ನು ನಾವೆಲ್ಲ ಕಂಡಿದ್ದೇವೆ. ಹಿಂದಿನವರು ಜೋಳ ತುಂಬಿಡಲು ತೋಡಿದ ಹಗೇವುಗಳು ಊರ ಕೆಳಗೆ ಹಾಗೆಯೇ ಇವೆ. ಮಲಪ್ರಭೆಯ ಕಾಲುವೆ ಬಂದ ಮೇಲೆ ಅಂತರ್ಜಲವೂ ಮೇಲೇರಿದೆ. ಪೊಳ್ಳು ನೆಲಕ್ಕೆ ನೀರು ಹೊಕ್ಕರೆ ಏನಾಗುತ್ತದೆ ಎಂಬುದಕ್ಕೆ ಇಂಜಿನಿಯರು ಬೇಕಿಲ್ಲ. ಅಲ್ಲಿ ಏನೇ ಕಟ್ಟುವ ಮುನ್ನ ಮಣ್ಣಿನ ಪರೀಕ್ಷೆ ಮಾಡಿಸಿ, ಮತ್ತು ಓಣಿಯ ಹಿರಿಯರನ್ನು ಕೂಡಿಸಿ ಯಾರ ಮನೆಯ ಹಗೇವು ಎಲ್ಲಿತ್ತು ಎಂದು ಕೇಳಿ ಗುರುತು ಹಾಕಿಸಿ. ಆ ಮಾಹಿತಿ ಯಾವ ಕಚೇರಿಯ ಕಪಾಟಿನಲ್ಲೂ ಸಿಗುವುದಿಲ್ಲ. ಭಾರ ಹೊರಲಾರದ ನೆಲಕ್ಕೆ ಗಿಡವೇ ಸರಿಯಾದ ಬಾಡಿಗೆದಾರ.

ನರಗುಂದಕ್ಕೆ ಬಯಲು ಬೇಕಾದದ್ದಕ್ಕೆ ಇನ್ನೊಂದು ಕಾರಣವಿದೆ. 1858ರಲ್ಲಿ ಅಲ್ಲಿನ ಅರಸ ಬಾಬಾಸಾಹೇಬ ಇಂಗ್ಲಿಷರ ವಿರುದ್ಧ ಎದ್ದ ಊರು ಅದು. 1980ರ ಜುಲೈ 21ರ ರೈತ ಬಂಡಾಯದ ಊರು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಲು ಆ ಬಂಡಾಯದ ಮೇಲೆ ನಡೆದ ಗೋಲಿಬಾರಿನ ನೋವೂ ಕಾರಣ. ಮಹದಾಯಿ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತ ಊರು. ಜನ ಕೂಡಿ ಕೂರಲು ನೆಲವಿದ್ದರೆ ತಾನೇ ಧರಣಿ? ಬೆಂಗಳೂರಿನವರು ಹಳೆಯ ಸೆಂಟ್ರಲ್ ಜೈಲಿನ ಜಾಗವನ್ನು ಮಾರದೆ 2008ರಲ್ಲಿ ಫ್ರೀಡಂ ಪಾರ್ಕ್ ಮಾಡಿದರು. ರಾಜ್ಯದ ಮೂಲೆ ಮೂಲೆಯ ಜನ ಇಂದು ತಮ್ಮ ಕಷ್ಟ ಹೇಳಲು ಅಲ್ಲಿಗೇ ಹೋಗುತ್ತಾರೆ. ನರಗುಂದದ ನಡುವಿನ ನೆಲವೆಲ್ಲ ಶಟರಾದರೆ ನಾಳೆಯ ಧರಣಿಗೆ ಪೆಂಡಾಲು ಎಲ್ಲಿ ಹಾಕುತ್ತೀರಿ?

ರೋಣದ ಚಿಂತೆ ಬೇರೆ. ಅಲ್ಲಿ ನೀರಿನ ಬರ, ನೆಲ ಎರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಮೇಲುಮೇಲಿನ ಪಾಯ ಹಾಕಿದ ಕಟ್ಟಡದ ಗೋಡೆ ಮೂರನೆಯ ವರ್ಷಕ್ಕೆ ಸೀಳುತ್ತದೆ. ಗಟ್ಟಿ ಗರಸು ಸಿಗುವ ತನಕ ಪಾಯ ಇಳಿಸಲು ಅಂದಾಜುಪಟ್ಟಿಯಲ್ಲೇ ದುಡ್ಡು ಇಡಿ. ಇನ್ನು ಊರಲ್ಲಿ ಅನಂತಶಯನನ ಗುಡಿಯಂಥ ಹಳೆಯ ಗುಡಿಗಳಿವೆ. ನೀವು ಆಯ್ದ ಜಾಗದ ಹತ್ತಿರ ಕೇಂದ್ರದ ರಕ್ಷಣೆಯ ಸ್ಮಾರಕವಿದ್ದರೆ ಅದರ ಸುತ್ತಲಿನ 100 ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ, ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ಪಾಯ ತೋಡಿದ ಮೇಲೆ ನೋಟಿಸು ಬಂದರೆ ನಗೆಪಾಟಲು. ಮೊದಲೇ ವಿಚಾರಿಸಿ. ಗುಡಿಯ ಸುತ್ತ ಕಟ್ಟಲಾಗದ ನೆಲ ಉದ್ಯಾನಕ್ಕೆ ತಾನಾಗಿ ಒದಗುತ್ತದೆ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಊರಿದು. ಉದ್ಯಾನದ ಒಂದು ಮೂಲೆಗೆ ಕಲ್ಲಿನ ಕಟ್ಟೆ ಹಾಕಿ, ಮೇಲೊಂದು ಸೂರು ಎತ್ತಿದರೆ ಸಂಜೆಯ ಹಾಡಿಗೆ, ಸೋಬಾನೆಗೆ, ಭಜನೆಗೆ ಜಾಗವಾಯಿತು. ಪ್ರತಿಮೆಗಿಂತ ಅದು ಅವರಿಗೆ ಹೆಚ್ಚು ಒಪ್ಪುತ್ತದೆ.

ಗಜೇಂದ್ರಗಡದ ಬೆನ್ನಿಗೆ ಗುಡ್ಡವಿದೆ. ಬೇಸಿಗೆಯಲ್ಲಿ ಆ ಕಲ್ಲು ಕಾದು ಸಂಜೆಯ ತನಕ ಊರಿಗೆ ಝಳ ಬಿಡುತ್ತದೆ, ಮಳೆಗಾಲದಲ್ಲಿ ಅದೇ ಗುಡ್ಡದ ನೀರು ಊರೊಳಗೆ ನುಗ್ಗುತ್ತದೆ. ಖಾಲಿ ಬಯಲಿನ ಮೂಲಕ ಹರಿಯುವ ಹಳೆಯ ಹಳ್ಳದ ದಾರಿಯನ್ನು ಸಿಮೆಂಟಿನಿಂದ ಮುಚ್ಚಿ ಅದರ ಮೇಲೆ ಮಳಿಗೆ ಕಟ್ಟಿದರೆ ನೀರು ಪಕ್ಕದ ಮನೆಯ ಹೊಸ್ತಿಲು ದಾಟುತ್ತದೆ. ಆ ದಾರಿಯನ್ನೇ ಉದ್ಯಾನದ ನಡುವಿನ ತಗ್ಗಾಗಿ ಉಳಿಸಿ, ಮಳೆ ನೀರು ನಿಂತು ಇಂಗಲಿ. ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ಹತ್ತಿರದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡ ನೋಡಿ. ನೀರಿಗೆ ಇಳಿಯುವ ಮೆಟ್ಟಿಲನ್ನೂ ಕೂತು ಮಾತಾಡುವ ಜಾಗವನ್ನೂ ಒಂದೇ ಕಲ್ಲಿನ ಕೆಲಸದಲ್ಲಿ ಮಾಡಿದ್ದಾರೆ.

ಮೂರೂ ಊರಿಗೆ ಒಂದು ಮಾತು ಸಮಾನ: ಹುಲ್ಲುಹಾಸಿನ ಆಸೆ ಬಿಡಿ. ಹುಲ್ಲಿಗೆ ನೀರು ಬೇಕು, ಹುಲ್ಲು ಇದ್ದಲ್ಲಿ 'ತುಳಿಯಬೇಡಿ' ಎಂಬ ಫಲಕವೂ ಬೇಕು. ಬೇವು, ಹೊಂಗೆ, ಬನ್ನಿ, ಅತ್ತಿ, ಹುಣಸೆ ಹಾಕಿ. ಎರಡು ಮೂರು ಬೇಸಿಗೆ ನೀರು ಹೊತ್ತು ಹಾಕಿದರೆ ಆಮೇಲೆ ಅವು ನಿಮ್ಮನ್ನು ಕಾಯುತ್ತವೆ. ಬಣ್ಣದ ಕಾರಂಜಿ, ಸಿಮೆಂಟಿನ ಜಿಂಕೆಗೆ ಇಡುವ ದುಡ್ಡನ್ನು ಹೆಣ್ಣುಮಕ್ಕಳ ಶೌಚಾಲಯ, ಕುಡಿಯುವ ನೀರು, ಕೂಸಿಗೆ ಹಾಲೂಡಿಸುವ ಕೋಣೆ, ಬೆನ್ನು ಆನಿಸುವ ಬೆಂಚಿಗೆ ಇಡಿ. ಹಳ್ಳಿಯಿಂದ ಸಂತೆಗೆ, ದವಾಖಾನೆಗೆ ಬಂದ ಹೆಂಗಸು ಬಸ್ಸು ಬರುವ ತನಕ ಎಲ್ಲಿ ಕೂರುತ್ತಾಳೆ ಎಂದು ಕೇಳಿಕೊಂಡರೆ ಉದ್ಯಾನದ ಅರ್ಧ ನಕ್ಷೆ ತಾನಾಗಿ ಬರೆದುಕೊಳ್ಳುತ್ತದೆ.

ದುಡ್ಡಿನ ಮಾತು

'ಅಜ್ಜಾರ, ಉದ್ಯಾನದಿಂದ ಆದಾಯ ಏನು?' ಎಂದು ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಉತ್ತರ ಇಟ್ಟುಕೊಂಡಿರಿ.

ಅಮೆರಿಕದ ಹ್ಯೂಸ್ಟನ್ ಊರ ನಡುಭಾಗ ಒಂದು ಕಾಲಕ್ಕೆ ಪಾರ್ಕಿಂಗ್ ಬಯಲುಗಳಿಂದಲೇ ತುಂಬಿತ್ತು. ಅಂಥ ಬಯಲುಗಳ 12 ಎಕರೆಯಲ್ಲಿ 2008ರಲ್ಲಿ ಡಿಸ್ಕವರಿ ಗ್ರೀನ್ ಎಂಬ ಉದ್ಯಾನ ತೆರೆದರು. ಅದರ ಎದುರಿಗೇ ಮರುವರ್ಷ 37 ಅಂತಸ್ತಿನ ವಸತಿ ಕಟ್ಟಡ ತಲೆ ಎತ್ತಿತು, ಆಮೇಲೆ ಸುತ್ತಲೂ ಹೋಟೆಲು, ಕಚೇರಿ ಬಂದವು. ಡಲ್ಲಾಸ್‌ನಲ್ಲಿಯೂ 2019ರಲ್ಲಿ ಊರ ನಡುವಿನ ಪಾರ್ಕಿಂಗ್ ಬಯಲೊಂದು ಪೆಸಿಫಿಕ್ ಪ್ಲಾಜಾ ಎಂಬ ಉದ್ಯಾನವಾಯಿತು. ಉದ್ಯಾನ ಎದುರಿಗಿದ್ದರೆ ಮಳಿಗೆಯ ಬಾಡಿಗೆ ಏರುತ್ತದೆ. ಮಳಿಗೆ ಎದುರಿಗಿದ್ದರೆ ಉದ್ಯಾನಕ್ಕೆ ಹಾಗೆ ಏನೂ ಏರುವುದಿಲ್ಲ. ಸರದಿ ಮುಖ್ಯ ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಬಾಸ್ಟನ್‌ನವರು ಇನ್ನೊಂದು ಜಾಣತನ ತೋರಿದರು. ಪೋಸ್ಟ್ ಆಫೀಸ್ ಸ್ಕ್ವೇರ್ ಎಂಬಲ್ಲಿ 1950ರ ದಶಕದ ಕುರೂಪಿ ಪಾರ್ಕಿಂಗ್ ಕಟ್ಟಡವನ್ನು ಕೆಡವಿ, ಗಾಡಿಗಳನ್ನು ನೆಲದಡಿಗೆ ಇಳಿಸಿ, ಮೇಲೆ ಉದ್ಯಾನ ಮಾಡಿದರು. ಪಾರ್ಕಿಂಗಿನ ಶುಲ್ಕದಿಂದಲೇ ಉದ್ಯಾನದ ಖರ್ಚು. ನಮಗೆ ಅವರ ನೆಲಮಾಳಿಗೆ ಬೇಡ, ಅವರ ಲೆಕ್ಕದ ಪುಸ್ತಕ ಬೇಕು. ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿಯೂ 1993ರಲ್ಲಿ ಹಳೇ ಪ್ಯಾಟಿಯ ಬೀದಿಗಳಿಗೆ ಪಾರ್ಕಿಂಗ್ ಶುಲ್ಕ ಹಾಕಿದಾಗ ಅಂಗಡಿಕಾರರು ಒಪ್ಪಿದ್ದು ಒಂದೇ ಕರಾರಿಗೆ: ಆ ದುಡ್ಡು ಅದೇ ಬೀದಿಯ ಕಾಲುದಾರಿ, ದೀಪ, ಕಸಕ್ಕೆ ಖರ್ಚಾಗಬೇಕು. ನಮ್ಮ ಅಂಗಡಿಕಾರರೂ ಹಾಗೆಯೇ ಒಪ್ಪುತ್ತಾರೆ. ಶುಲ್ಕದ ದುಡ್ಡು ಪುರಸಭೆಯ ದೊಡ್ಡ ಹೊಟ್ಟೆಗೆ ಬಿದ್ದು ಮಾಯವಾಗುತ್ತದೆ ಎಂಬ ಗುಮಾನಿ ಇರುವವರೆಗೆ ಯಾರೂ ಒಪ್ಪುವುದಿಲ್ಲ.

ನಮ್ಮಲ್ಲಿ ಹೆಚ್ಚು ಓಡುವುದು ಬೈಕು. ಒಂದು ಕಾರಿನ ಜಾಗದಲ್ಲಿ ನಾಲ್ಕೈದು ಬೈಕು ಆರಾಮಾಗಿ ನಿಲ್ಲುತ್ತವೆ. ಬೈಕಿಗೆ ಮಳಿಗೆಯ ಹಿಂದೆ ಒಂದು ಪಟ್ಟಿ, ಟಂಟಮ್ಮಿಗೆ ಒಂದು ಸಾಲು, ಕಾರಿಗೆ ತಾಸಿನ ಲೆಕ್ಕದ ಶುಲ್ಕ, ಟ್ರ್ಯಾಕ್ಟರು, ಲಾರಿಗೆ ಊರ ಹೊರಗೆ ಎಪಿಎಂಸಿಯ ಹತ್ತಿರ ಜಾಗ. ಇಷ್ಟು ಮಾಡಿದರೆ ಬಹುಮಹಡಿ ಪಾರ್ಕಿಂಗಿನ ಕನಸೇ ಬೀಳುವುದಿಲ್ಲ.

ಜಾಗವನ್ನು ಮಾತ್ರ ಎಂಥ ಕಷ್ಟದಲ್ಲೂ ಮಾರಬೇಡಿ. ಲೀಜಿಗೆ ಕೊಡಿ. ಲೀಜು ಮುಗಿಯುವ ದಿನ, ಬಾಡಿಗೆ ಏರುವ ಪ್ರಮಾಣ, ಒಳಬಾಡಿಗೆಗೆ ಕೊಟ್ಟರೆ ರದ್ದಾಗುವ ಷರತ್ತು ಎಲ್ಲ ಕರಾರಿನಲ್ಲಿರಲಿ. ಹರಾಜಿನಲ್ಲಿ ಮಳಿಗೆ ಹಿಡಿದವನೊಬ್ಬ, ಒಳಗೆ ಕೂತವನು ಇನ್ನೊಬ್ಬ, ನಡುವಿನ ಬಾಡಿಗೆ ತಿನ್ನುವವನು ಮತ್ತೊಬ್ಬ ಎಂಬ ಆಟ ಯಾವ ಊರಲ್ಲಿ ನಡೆದಿಲ್ಲ? ವಕಾರ ಸಾಲಿನ ಕಥೆ ಶುರುವಾದದ್ದೂ ಮುಗಿದ ಲೀಜನ್ನು ಮುಗಿದ ದಿನವೇ ಕೇಳದೆ ಬಿಟ್ಟದ್ದರಿಂದ.

ಸಭೆಗೆ ಹೋಗುವ ಮುನ್ನ

ಈಗ ಕೆಲಸದ ಮಾತು. ಮೊದಲು ಆ ಜಾಗದ ಉತಾರ ತೆಗೆಸಿ, ಸರ್ವೆ ಮಾಡಿಸಿ, ನಾಲ್ಕೂ ಮೂಲೆಗೆ ಕಲ್ಲು ನೆಡಿಸಿ. ಒತ್ತುವರಿ ಇದ್ದರೆ ಅದೇ ಆಗ ಹೊರಬೀಳುತ್ತದೆ. ಎರಡನೆಯದು, ಬಯಲಿನಲ್ಲೇ ಒಂದು ಸಂಜೆ ಸಭೆ ಕರೆಯಿರಿ. ಸಭಾಭವನಕ್ಕೆ ಬರಲು ಹಿಂಜರಿಯುವ ತರಕಾರಿಯವಳು, ಟಂಟಂ ಹುಡುಗ, ಶಾಲೆಯ ಮಕ್ಕಳು ಅಲ್ಲಿಗೆ ಬರುತ್ತಾರೆ. ಸುಣ್ಣದಿಂದ ನೆಲದ ಮೇಲೇ ಗೆರೆ ಹಾಕಿ ತೋರಿಸಿ: ಇಲ್ಲಿಂದ ಇಲ್ಲಿಗೆ ಉದ್ಯಾನ, ಇದು ಕಟ್ಟಡ, ಇದು ಗಾಡಿ. ಕಾಗದದ ನಕ್ಷೆ ಓದಲಾಗದವರೂ ಸುಣ್ಣದ ಗೆರೆಯನ್ನು ಓದುತ್ತಾರೆ, ಆಕ್ಷೇಪವನ್ನೂ ಅಲ್ಲೇ ಹೇಳುತ್ತಾರೆ. ಉದ್ಯಾನಕ್ಕೆ ಮುಖ್ಯ ರಸ್ತೆಯ ಮಗ್ಗುಲು ಕೊಡಿ, ಹಿತ್ತಲ ಮೂಲೆ ಬೇಡ. ರಸ್ತೆಯಿಂದ ಕಾಣದ ಉದ್ಯಾನ ಹೆಂಗಸರಿಗೆ, ಮಕ್ಕಳಿಗೆ ದಕ್ಕುವುದಿಲ್ಲ.

ಮೂರನೆಯದು ಠರಾವು. ಅದರಲ್ಲಿ ನಾಲ್ಕು ಅಂಶ ಇರಲೇಬೇಕು. ಜಾಗದಲ್ಲಿ ಕನಿಷ್ಠ ಅರ್ಧ, ಅಳತೆ ಮತ್ತು ಚಕ್ಕುಬಂದಿಯೊಂದಿಗೆ, ಸಾರ್ವಜನಿಕ ಉದ್ಯಾನ. ಉದ್ಯಾನದ ಗಿಡ, ಬೆಂಚು, ಶೌಚಾಲಯ ಮುಗಿದು ಜನರಿಗೆ ತೆರೆದ ಮೇಲೆಯೇ ಮಳಿಗೆಯ ಟೆಂಡರು. ಮಳಿಗೆ ಬಾಡಿಗೆಯ ಮತ್ತು ಪಾರ್ಕಿಂಗ್ ಶುಲ್ಕದ ಗೊತ್ತಾದ ಪಾಲು ಬೇರೆ ಖಾತೆಗೆ, ಆ ಖಾತೆಯಿಂದ ಉದ್ಯಾನದ ಖರ್ಚಿಗೆ ಮಾತ್ರ. ಆ ಖಾತೆಯ ಜಮಾಖರ್ಚು ಪ್ರತಿ ಮೂರು ತಿಂಗಳಿಗೆ ಉದ್ಯಾನದ ಬಾಗಿಲಿನ ಫಲಕದ ಮೇಲೆ. ಠರಾವಾದ ಮೇಲೆ ಅದನ್ನು ನಗರ ಯೋಜನೆಯ ಇಲಾಖೆಗೆ ಕಳಿಸಿ ಮಹಾಯೋಜನೆಯ ನಕ್ಷೆಯಲ್ಲಿ ಉದ್ಯಾನ ಎಂದೇ ನಮೂದಿಸಿಕೊಳ್ಳಿ. ನಿಮ್ಮ ಅವಧಿ ಐದು ವರ್ಷ, ನಕ್ಷೆಯ ನಮೂದು ನಿಮ್ಮ ನಂತರದವರ ಕೈಯನ್ನೂ ಕಟ್ಟುತ್ತದೆ.

ಇಷ್ಟರಲ್ಲಿ ಸಭೆಯಲ್ಲಿ ಒಬ್ಬರು ಎದ್ದು, 'ಈಗ ಮಳಿಗೆ ಕಟ್ಟೋಣ, ಬಾಡಿಗೆ ಬರಲಿ, ಆ ದುಡ್ಡಿನಲ್ಲಿ ಮುಂದೆ ಗಾರ್ಡನ್ ಮಾಡೋಣ' ಎನ್ನುತ್ತಾರೆ. ಮಾತು ಬಹಳ ನಯವಾಗಿರುತ್ತದೆ, ಬೆಂಬಲಿಸುವವರೂ ಇರುತ್ತಾರೆ. ಆಗ ಜಗಳ ಮಾಡಬೇಡಿ. ಸಾವಕಾಶ ಎದ್ದು ಒಂದೇ ಪ್ರಶ್ನೆ ಕೇಳಿ: ಹಾಗೆ ಮುಂದೆ ಮಾಡುತ್ತೇವೆಂದು ಬಿಟ್ಟ ಗಾರ್ಡನ್ ಯಾವ ಊರಲ್ಲಿ ಆಗಿದೆ, ಹೆಸರು ಹೇಳಿರಿ, ಹೋಗಿ ನೋಡಿ ಬರೋಣ. ಉತ್ತರ ಬರುವ ತನಕ ಕೂರಬೇಡಿ, ಮುಂಗಾರಿಗೆ ಮುಂಚೆ ಗಿಡದ ಗುಂಡಿ ತೋಡಿಸಿ.